ಬ್ಲಾಕ್ ಜೋಡಿಸುವ ಕ್ರಮವನ್ನು ಸಾಫ್ಟ್‌ವೇರ್ ಹೇಳಬೇಕಾ, ಫೋರ್ಮನ್ ಹೇಳಬೇಕಾ?

ಉಪ್ಪುನೀರು
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಪಶ್ಚಿಮ ಕರಾವಳಿಯ ಒಂದು ಶಿಪ್‌ಯಾರ್ಡ್‌ನಲ್ಲಿ ನಾಲ್ಕು ವರ್ಷದಿಂದ ಪ್ಲಾನಿಂಗ್ ವಿಭಾಗದಲ್ಲಿದ್ದೇನೆ. ಯಾರ್ಡ್ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಕಳೆದ ವರ್ಷ ನಮ್ಮಲ್ಲಿ ಅಸೆಂಬ್ಲಿ ಪ್ಲಾನಿಂಗ್‌ಗೆ ಅಂತಲೇ ಹೊಸ ಸಾಫ್ಟ್‌ವೇರ್ ಬಂತು. ಬ್ಲಾಕ್‌ನ (ಬೇರೆಯಾಗಿ ಕಟ್ಟಿ ಆಮೇಲೆ ಸೇರಿಸುವ ಹಡಗಿನ ದೊಡ್ಡ ತುಂಡು) 3ಡಿ ಮಾಡೆಲ್ ಕೊಟ್ಟರೆ ಯಾವ ಪ್ಲೇಟ್ ಮೊದಲು, ಯಾವ ಸ್ಟಿಫ್‌ನರ್ (ಪ್ಲೇಟ್ ಬಾಗದಂತೆ ಹಿಡಿಯುವ ಪಟ್ಟಿ) ಆಮೇಲೆ, ಬ್ಲಾಕನ್ನು ಯಾವಾಗ ಮಗುಚಬೇಕು ಅಂತ ಪೂರ್ತಿ ಕ್ರಮ ಬರೆದುಕೊಡುತ್ತದೆ. ಮೊದಲು ನಾವು ಎರಡು ದಿನ ಕೂತು ಮಾಡುತ್ತಿದ್ದ ಕೆಲಸ ಈಗ ಒಂದು ಗಂಟೆಯದ್ದು.

ಹೋದ ತಿಂಗಳು ಒಂದು ಡಬಲ್ ಬಾಟಮ್ ಬ್ಲಾಕ್, ಅಂದರೆ ಹಡಗಿನ ಎರಡು ಪದರದ ತಳದ ತುಂಡು, ಕಟ್ಟಿದೆವು. ಎಲ್ಲ ಕಡೆ ಮಾಡುವ ಹಾಗೆ ತಲೆಕೆಳಗಾಗಿ. ಟ್ಯಾಂಕ್ ಟಾಪ್ (ಒಳಗಿನ ತಳ) ಕೆಳಗೆ ಹಾಸಿ, ಅದರ ಮೇಲೆ ಗರ್ಡರ್ (ಉದ್ದದ ಪ್ಲೇಟ್), ಫ್ಲೋರ್ (ಅಡ್ಡ ಪ್ಲೇಟ್) ನಿಲ್ಲಿಸಿ, ಕೊನೆಗೆ ಬಾಟಮ್ ಶೆಲ್ (ಹೊರಗಿನ ತಳ) ಮುಚ್ಚಿದೆವು. ಮುಚ್ಚಿದ ಮೇಲೆ ನೋಡಿದರೆ ಮೂರು ಮೀಟರ್ ಉದ್ದದ ಒಂದು ಪೈಪ್ ಸ್ಪೂಲ್ (ಮೊದಲೇ ಸಿದ್ಧಮಾಡಿದ ಪೈಪ್ ತುಂಡು) ಹೊರಗೇ ಉಳಿದಿದೆ. ಮ್ಯಾನ್‌ಹೋಲ್ 600×400 ಮಿ.ಮೀ. ಪೈಪಿಗೆ ಒಂದು ಬೆಂಡ್ ಬೇರೆ. ತೂರಿಸಿದರೂ ಒಳಗೆ ತಿರುಗಿಸಲು ಜಾಗವಿಲ್ಲ. ಕೊನೆಗೆ ತುಂಡು ಮಾಡಿ, ಹೊಸ ಫ್ಲ್ಯಾಂಜ್ ಹಾಕಿ, ಇಬ್ಬರು ಫಿಟ್ಟರ್‌ಗಳು ಆ ಸೆಕೆಯಲ್ಲಿ ಮೂರು ದಿನ ಟ್ಯಾಂಕ್ ಒಳಗೆ ಮಲಗಿ ಕೆಲಸ ಮಾಡಿದರು.

ಸಾಫ್ಟ್‌ವೇರ್ ರಿಪೋರ್ಟ್‌ನಲ್ಲಿ 'ಎಲ್ಲೂ ತಾಗುವುದಿಲ್ಲ' ಅಂತ ಹಸಿರು ಗುರುತು ಇತ್ತು. ಫೋರ್ಮನ್ ಒಂದು ವಾರ ಮೊದಲೇ "ಪೈಪ್ ಹಾಕದೆ ಮುಚ್ಚಬೇಡಿ ಮಾರಾಯ್ರೆ" ಅಂದಿದ್ದರು. ನಾನು ರಿಪೋರ್ಟ್ ತೋರಿಸಿ ಮುಚ್ಚಿಸಿದೆ. ಆ ಇಬ್ಬರು ಹೊರಗೆ ಬಂದಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ನಿಮ್ಮ ಕಡೆ ಕೊನೆಯ ಮಾತು ಯಾರದ್ದು? ಫೋರ್ಮನ್ ತಲೆಯಲ್ಲಿರುವುದನ್ನು ಈ ಸಾಫ್ಟ್‌ವೇರ್‌ಗೆ ಹಾಕುವ ದಾರಿ ಇದೆಯಾ?

ಬೆಸುಗೆ ಅಣ್ಣ
ತಮ್ಮಾ, ನಾನು ಹುಬ್ಬಳ್ಳಿಯವನು. 22 ವರ್ಷ ವೆಲ್ಡಿಂಗ್, ಈಗ ಗಲ್ಫ್‌ನಲ್ಲಿ ಸೂಪರ್‌ವೈಸರ್. ಕೊನೆಯ ಮಾತು ಒಳಗೆ ಹೋಗಿ ಕೆಲಸ ಮಾಡುವವನದ್ದು. ಇದರಲ್ಲಿ ಚರ್ಚೆ ಏನೂ ಇಲ್ಲ.

ಗ್ರಾಫ್ ಗೆಳೆಯ
ಚರ್ಚೆ ಇದೆ ಅಣ್ಣಾ. ಇಲ್ಲಿ ಸಾಫ್ಟ್‌ವೇರ್ ಸುಳ್ಳು ಹೇಳಿದ ಹಾಗೆ ನನಗೆ ಕಾಣುತ್ತಿಲ್ಲ. ಉಪ್ಪುನೀರು, ಆ ಪೈಪಿಗೆ ಮಾಡೆಲ್‌ನಲ್ಲಿ ಯಾವ ಹಂತದ ಕೋಡ್ ಇತ್ತು? ಬ್ಲಾಕ್ ಹಂತವಾ, ಹಡಗಿನ ಮೇಲೆ ಹಾಕುವ ಹಂತವಾ? ಎರಡನೆಯದ್ದಾದರೆ, ಬ್ಲಾಕ್ ಕ್ರಮ ಲೆಕ್ಕ ಹಾಕುವಾಗ ಸಾಫ್ಟ್‌ವೇರ್ ಆ ಪೈಪನ್ನು ನೋಡಿಯೇ ಇರುವುದಿಲ್ಲ. ಸ್ಟೀಲಿಗೆ ಸ್ಟೀಲ್ ತಾಗುತ್ತದಾ ಅಂತ ಕೇಳಿದಿರಿ, ಇಲ್ಲ ಅಂದಿತು.

ಉಪ್ಪುನೀರು
ಈಗಷ್ಟೇ ನೋಡಿ ಬಂದೆ. ನೀವು ಹೇಳಿದ್ದೇ ಸರಿ. ಹಡಗಿನ ಮೇಲೆ ಅಂತ ಇದೆ. ಪೈಪಿಂಗ್ ವಿಭಾಗದವರು ಹಳೆಯ ಹಡಗಿನ ಪಟ್ಟಿಯನ್ನು ಹಾಗೇ ನಕಲು ಮಾಡಿದ್ದರು. ಆ ಹಡಗಿನಲ್ಲಿ ಅಲ್ಲಿ ದೊಡ್ಡ ತೆರವು ಇತ್ತಂತೆ.

ಸುಮ್ಮನೆ ಓದುವವಳು
ನಾನು ಹಡಗಿನ ಕೆಲಸದವಳಲ್ಲ. ಆದರೆ ಇದನ್ನು ಓದಿ ನಮ್ಮ ಅಜ್ಜಿ ಮನೆಯ ಪತ್ತಾಯ ನೆನಪಾಯಿತು. ಭತ್ತ ತುಂಬುವ ಆ ಮರದ ಪೆಟ್ಟಿಗೆ ಬಾಗಿಲಿಗಿಂತ ದೊಡ್ಡದು. ಆಚಾರಿಗಳು ಹಲಗೆಗಳನ್ನು ಒಳಗೆ ತಂದು ಕೋಣೆಯಲ್ಲೇ ಜೋಡಿಸಿದ್ದಂತೆ. ಇಷ್ಟು ದೊಡ್ಡ ಹಡಗಿಗೂ ಅದೇ ಸಮಸ್ಯೆ ಅಂದರೆ ಆಶ್ಚರ್ಯ! ಒಂದು ಬ್ಲಾಕ್ ಅಂದರೆ ಎಷ್ಟು ದೊಡ್ಡದು?

ಕಡಲಾಚೆ
ನಿಮ್ಮ ಪತ್ತಾಯದ ಹೋಲಿಕೆ ಚೆನ್ನಾಗಿದೆ. ನಾನು ದಕ್ಷಿಣ ಕೊರಿಯಾದ ಉಲ್ಸಾನ್‌ನಲ್ಲಿ ಹಡಗು ವಿನ್ಯಾಸದ ಕೆಲಸದಲ್ಲಿದ್ದೇನೆ. ಊರು ಶಿವಮೊಗ್ಗ. ಬ್ಲಾಕ್‌ನ ಗಾತ್ರ ಯಾರ್ಡ್‌ನ ಕ್ರೇನ್ ಮೇಲೆ ನಿಂತಿದೆ. ಸಣ್ಣ ಯಾರ್ಡ್‌ನಲ್ಲಿ 30–50 ಟನ್ ಇರಬಹುದು. ಇಲ್ಲಿ ಕೆಲವು ಬ್ಲಾಕ್‌ಗಳನ್ನು ಮೊದಲು ನೆಲದಲ್ಲೇ ಸೇರಿಸಿ, ಸಾವಿರ ಟನ್ ದಾಟಿದ ತುಂಡುಗಳನ್ನು ಒಂದೇ ಸಲ ಎತ್ತಿ ಡಾಕ್‌ಗೆ ಇಳಿಸುತ್ತಾರೆ.

ಉಪ್ಪುನೀರು ಅವರೇ, ನಿಮ್ಮ ಪೈಪಿನ ಸಮಸ್ಯೆ ಕಣ್ಣಿಗೆ ಕಾಣುವಂಥದ್ದು. ನನಗೆ ಅದಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಸ್ಲಾಟ್. ಉದ್ದದ ಸ್ಟಿಫ್‌ನರ್‌ಗಳು ಫ್ಲೋರ್ ಪ್ಲೇಟ್ ದಾಟಿ ಹೋಗಲು ಪ್ಲೇಟ್‌ನಲ್ಲಿ ಒಂದು ಕಂಡಿ ಕತ್ತರಿಸುತ್ತಾರಲ್ವಾ? ಆ ಕಂಡಿ ಅಗಲವಾಗಿ ಬಿಟ್ಟಿದ್ದರೆ ಫ್ಲೋರನ್ನು ಕ್ರೇನ್‌ನಲ್ಲಿ ಮೇಲಿನಿಂದ ನೇರ ಇಳಿಸಬಹುದು. ಆಮೇಲೆ ಉಳಿದ ಸಂದಿಗೆ ಸಣ್ಣ ಕಾಲರ್ ಪ್ಲೇಟ್ ಹಾಕಿ ಬೆಸೆಯಬೇಕು. ಕಂಡಿ ಸ್ಟಿಫ್‌ನರ್ ಆಕಾರಕ್ಕೇ ಬಿಗಿಯಾಗಿದ್ದರೆ ಕಾಲರ್ ಬೇಡ, ವೆಲ್ಡಿಂಗ್ ಕಡಿಮೆ. ಆದರೆ ಫ್ಲೋರನ್ನು ಮೇಲಿನಿಂದ ಇಳಿಸಲು ಆಗುವುದಿಲ್ಲ. ಸ್ಟಿಫ್‌ನರ್‌ನ ಒಂದು ತುದಿಯಿಂದ ಪೋಣಿಸಿಕೊಂಡು ಬರಬೇಕು, ಹೂ ಪೋಣಿಸಿದ ಹಾಗೆ.

ಅಂದರೆ ಡಿಸೈನ್ ವಿಭಾಗದಲ್ಲಿ ಯಾರೋ ಒಬ್ಬರು ಆ ಕಂಡಿಯ ಆಕಾರ ಆರಿಸಿದಾಗಲೇ ಜೋಡಿಸುವ ಕ್ರಮ ಅರ್ಧ ನಿರ್ಧಾರವಾಗಿ ಹೋಗಿರುತ್ತದೆ. ಪ್ಲಾನಿಂಗ್ ಸಾಫ್ಟ್‌ವೇರ್ ಬರುವುದು ಅದರ ಮೇಲೆ. ತಡವಾಗಿ ಬಂದವನಿಗೆ ಆಯ್ಕೆಗಳು ಕಡಿಮೆ. ನಿಮ್ಮ ಯಾರ್ಡ್‌ನಲ್ಲಿ ಡ್ರಾಯಿಂಗ್ ಮುಗಿಯುವ ಮೊದಲು ಪ್ಲಾನಿಂಗ್‌ನವರನ್ನು ಕರೆಯುತ್ತಾರಾ? ನನ್ನ ಮೊದಲ ಪ್ರಶ್ನೆ ಅದು.

ಉಪ್ಪುನೀರು
ಇಲ್ಲ. ಡ್ರಾಯಿಂಗ್ ಪಾಸ್ ಆದ ಮೇಲೆ ನಮಗೆ ಬರುತ್ತದೆ.

ಬೆಸುಗೆ ಅಣ್ಣ
ನೋಡಿ, ಅಲ್ಲೇ ಇದೆ ಎಲ್ಲಾ.

ಇನ್ನೊಂದು ಮಾತು. ಸಾಫ್ಟ್‌ವೇರ್ ತುಂಡು ಒಳಗೆ ಹೋಗುತ್ತದಾ ಅಂತ ನೋಡುತ್ತದೆ. ವೆಲ್ಡರ್ ಒಳಗೆ ಹೋಗುತ್ತಾನಾ ಅಂತ ನೋಡುತ್ತದಾ? ತಲೆಗೆ ಹೆಲ್ಮೆಟ್, ಕೈಯಲ್ಲಿ ಗನ್, ಹಿಂದೆ ಕೇಬಲ್, ಪಕ್ಕದಲ್ಲಿ ಹೊಗೆ ಎಳೆಯುವ ಡಕ್ಟ್. ಗನ್ ಹಿಡಿಯುವ ಕೋನ ಸಿಗಬೇಕು, ಮುಖ ಹಿಂದಕ್ಕೆ ಹೋಗಲು ಜಾಗ ಬೇಕು. ಬ್ರಾಕೆಟ್‌ನ ಹಿಂಬದಿ ಬೆಸೆಯಲು ಕೈ ಹೋಗದೆ, ಕನ್ನಡಿ ಇಟ್ಟುಕೊಂಡು ಬೆಸೆದದ್ದು ನನಗೆ ನೆನಪಿದೆ. ಆ ಬೆಸುಗೆ ಟೆಸ್ಟ್‌ನಲ್ಲಿ ಫೇಲ್. ಕೆತ್ತಿ ತೆಗೆದು ಮತ್ತೆ ಮಾಡಿದೆವು. ಆ ಬ್ರಾಕೆಟ್ ಎರಡು ಗಂಟೆ ಮೊದಲು, ಪಕ್ಕದ ಪ್ಲೇಟ್ ನಿಲ್ಲಿಸುವ ಮುನ್ನ ಹಾಕಿದ್ದರೆ ಐದು ನಿಮಿಷದ ಕೆಲಸ.

ತಲೆಕೆಳಗು ಕಟ್ಟುವುದೂ ಅದಕ್ಕೇ. ಬೆಸುಗೆ ಕೆಳಮುಖವಾಗಿ ಹಾಕಿದರೆ ಕರಗಿದ ಲೋಹ ತಾನಾಗಿ ಕೂರುತ್ತದೆ. ತಲೆ ಮೇಲಕ್ಕೆತ್ತಿ ಹಾಕಿದರೆ ಕಿಡಿ ಕೊರಳೊಳಗೆ ಬೀಳುತ್ತದೆ, ಕೆಲಸವೂ ನಿಧಾನ.

ಗ್ರಾಫ್ ಗೆಳೆಯ
ಅಣ್ಣಾ, ನೀವು ಹೇಳಿದ್ದನ್ನು ಲೆಕ್ಕಕ್ಕೆ ತರಲು ಆಗುತ್ತದೆ. ಪ್ರತಿ ಬೆಸುಗೆಯ ಮುಂದೆ ಗನ್ ಮತ್ತು ಕೈಗೆ ಬೇಕಾದಷ್ಟು ಖಾಲಿ ಜಾಗವನ್ನು ಒಂದು ಆಕಾರವಾಗಿ ಮಾಡೆಲ್‌ನಲ್ಲಿ ಇಡಬಹುದು. ಆ ಆಕಾರಕ್ಕೆ ಏನಾದರೂ ತಾಗಿದರೆ ಆ ಕ್ರಮ ಬೇಡ ಅಂತ ಹೇಳಬಹುದು. ಯಾರೂ ಹಾಕುವುದಿಲ್ಲ, ಅದು ಬೇರೆ ಮಾತು.

ಇದರ ಹಿಂದಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸಬರಿಗೆ ಉಪಯೋಗ ಆಗಬಹುದು. 10 ತುಂಡುಗಳನ್ನು ಒಂದಾದ ಮೇಲೊಂದು ಇಡಲು 36,28,800 ಕ್ರಮಗಳಿವೆ. 20 ತುಂಡುಗಳಾದರೆ 24ರ ಮುಂದೆ 17 ಸೊನ್ನೆ. ಒಂದು ಬ್ಲಾಕ್‌ನಲ್ಲಿ ನೂರಾರು ತುಂಡುಗಳಿರುತ್ತವೆ. ಎಲ್ಲವನ್ನೂ ಪರೀಕ್ಷಿಸಲು ಯಾವ ಕಂಪ್ಯೂಟರ್‌ನಿಂದಲೂ ಆಗದು. ಹಾಗಾಗಿ ಒಂದು ಉಪಾಯ ಮಾಡುತ್ತಾರೆ. ಕಟ್ಟಿ ಮುಗಿದ ಬ್ಲಾಕನ್ನು ಕಂಪ್ಯೂಟರ್‌ನಲ್ಲಿ ಬಿಚ್ಚುತ್ತಾ ಹೋಗುವುದು. ಯಾವ ತುಂಡು ಯಾವುದಕ್ಕೂ ತಾಗದೆ ಹೊರಗೆ ಬರುತ್ತದೋ ಅದನ್ನು ತೆಗೆಯುವುದು. ಬಿಚ್ಚಿದ ಕ್ರಮವನ್ನು ತಿರುಗಿಸಿದರೆ ಕಟ್ಟುವ ಕ್ರಮ. 'ಇದು ಆಗದೆ ಅದು ಆಗದು' ಎಂಬ ಸಂಬಂಧಗಳನ್ನು ಗ್ರಾಫ್ ಆಗಿ ಬರೆದರೆ ಕೋಟಿಗಟ್ಟಲೆ ಕ್ರಮಗಳು ಒಮ್ಮೆಲೇ ಉದುರಿ ಹೋಗುತ್ತವೆ. ಉಳಿದವುಗಳಲ್ಲಿ ಮಗುಚುವುದು ಎಷ್ಟು ಸಲ, ಕೆಳಮುಖ ಬೆಸುಗೆ ಎಷ್ಟು, ಕ್ರೇನ್ ಎಷ್ಟು ಸಲ ಎತ್ತಬೇಕು ಎಂದು ನೋಡಿ ಆರಿಸುವುದು. ಮೆಷಿನ್‌ಗಳ ಜೋಡಣೆಗೆ ಇಂಥ ಲೆಕ್ಕಗಳು 1980ರ ದಶಕದಿಂದಲೇ ಇವೆ.

ಬೆಸುಗೆ ಅಣ್ಣ
ಬಿಚ್ಚಿದ ಕ್ರಮ ತಿರುಗಿಸಿದರೆ ಕಟ್ಟುವ ಕ್ರಮ ಅಂದಿರಿ. ಕುರ್ಚಿಗೆ ಸರಿ. ಸ್ಟೀಲ್ ಹಾಗಲ್ಲ. ಬೆಸೆದ ಮೇಲೆ ಅದು ಎಳೆದುಕೊಳ್ಳುತ್ತದೆ, ಬಾಗುತ್ತದೆ. ಡ್ರಾಯಿಂಗ್‌ನ ಅಳತೆ ಬೆಸುಗೆ ಆದ ಮೇಲೆ ಇರುವುದಿಲ್ಲ. ಪ್ಲೇಟ್‌ಗಳನ್ನು ಸೇರಿಸುವಾಗ ಅಡ್ಡ ಬೆಸುಗೆ ಮೊದಲು, ಉದ್ದ ಬೆಸುಗೆ ಆಮೇಲೆ ಅಂತ ಮಾಡುವುದು ಯಾಕೆ? ನಡುವಿನಿಂದ ಅಂಚಿಗೆ ಹೋಗುವುದು ಯಾಕೆ? ಪ್ಲೇಟ್‌ಗೆ ಕುಗ್ಗಲು ದಾರಿ ಬಿಡಬೇಕು ಅಂತ. ಎರಡು ಕಡೆಯೂ ಬಿಗಿದು ನಡುವೆ ಬೆಸೆದರೆ ಬಿರುಕು ಬರುತ್ತದೆ.

ಗ್ರಾಫ್ ಗೆಳೆಯ
ಒಪ್ಪಿದೆ. ಆಕಾರ ಮಾತ್ರ ನೋಡುವ ಸಾಫ್ಟ್‌ವೇರ್‌ಗೆ ಇದು ಗೊತ್ತಾಗುವುದಿಲ್ಲ. ಇದನ್ನು ನಿಯಮವಾಗಿ ಕೈಯಾರೆ ಬರೆದು ಹಾಕಬೇಕು.

ಕಡಲಾಚೆ
ಇಲ್ಲಿ ಜಪಾನಿನವರ ಕೆಲಸ ನೆನಪಿಸಬೇಕು. ಅವರು ಪ್ರತಿ ಹಂತದಲ್ಲೂ ಎಷ್ಟು ಕುಗ್ಗಿತು ಅಂತ ಅಳೆದು, ಬರೆದು, ಅಂಕಿಅಂಶ ಮಾಡಿ, ಮುಂದಿನ ಹಡಗಿನ ಪ್ಲೇಟ್ ಕತ್ತರಿಸುವಾಗಲೇ ಅಷ್ಟು ಮಿ.ಮೀ. ಸೇರಿಸಿಕೊಳ್ಳುತ್ತಿದ್ದರು. ಮೊದಲಾದರೆ ಅಂಚಿನಲ್ಲಿ ಹೆಚ್ಚುವರಿ ಸ್ಟೀಲ್ ಬಿಟ್ಟು, ಬ್ಲಾಕ್ ಇಳಿಸುವಾಗ ಅಳತೆ ನೋಡಿ ಕತ್ತರಿಸುತ್ತಿದ್ದರು. ಕ್ರೇನ್‌ನಲ್ಲಿ ಬ್ಲಾಕ್ ನೇತಾಡುತ್ತಿರುವಾಗ ಅಳೆದು ಕತ್ತರಿಸುವುದು ಎಷ್ಟು ಕಷ್ಟ ಅಂತ ಅಲ್ಲಿದ್ದವರಿಗೇ ಗೊತ್ತು.

ಮೂರನೇ ವರ್ಷ
ನಾನು ವಿದ್ಯಾರ್ಥಿ. ನಮ್ಮ ಸರ್ 1-3-8 ಅಂತ ಒಂದು ನಿಯಮ ಹೇಳಿದರು. ವರ್ಕ್‌ಶಾಪ್‌ನಲ್ಲಿ 1 ಗಂಟೆಯ ಕೆಲಸ ಬ್ಲಾಕ್‌ನಲ್ಲಿ 3 ಗಂಟೆ, ಹಡಗಿನಲ್ಲಿ 8 ಗಂಟೆ. ಇದು ನಿಜವಾ?

ಉಪ್ಪುನೀರು
ಅಂದಾಜು ಲೆಕ್ಕ ಅದು, ಎಲ್ಲ ಯಾರ್ಡ್‌ನಲ್ಲೂ ಹೀಗೇ ಅಂತಿಲ್ಲ. ನಮ್ಮ ಆ ಪೈಪನ್ನು ಬ್ಲಾಕ್ ತೆರೆದಿದ್ದಾಗ ಹಾಕಿದ್ದರೆ ಅರ್ಧ ದಿನ ಸಾಕಿತ್ತು. ಮೂರು ದಿನ ಹಿಡಿಯಿತು.

ಹಳೇ ಕಡತ
ಬ್ಲಾಕ್ ಮಾಡಿ ಹಡಗು ಕಟ್ಟುವುದನ್ನು ಶುರು ಮಾಡಿದ್ದೇ ಜಪಾನಿನವರು ಅಲ್ವಾ? ಅಮೆರಿಕದವರು ಅವರಿಂದ ಕಲಿತದ್ದು.

ಲಂಗರು
ಅದು ಹಾಗಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯಾರ್ಡ್‌ಗಳು 2,710 ಲಿಬರ್ಟಿ ಹಡಗು ಕಟ್ಟಿದವು. ತುಂಡುಗಳನ್ನು ಬೇರೆ ಕಡೆ ಮಾಡಿ ತಂದು ಬೆಸೆಯುವುದು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಆಯಿತು. 1942ರ ನವೆಂಬರ್‌ನಲ್ಲಿ ರಿಚ್‌ಮಂಡ್‌ನ ಕೈಸರ್ ಯಾರ್ಡ್‌ನಲ್ಲಿ ರಾಬರ್ಟ್ ಪಿಯರಿ ಹಡಗನ್ನು ಕೀಲ್ (ತಳದ ಮೊದಲ ಭಾಗ) ಇಟ್ಟ 4 ದಿನ 15 ಗಂಟೆಯಲ್ಲಿ ನೀರಿಗಿಳಿಸಿದರು. ಆದರೆ ದೊಡ್ಡ ತುಂಡುಗಳೆಲ್ಲ ಮೊದಲೇ ಸಿದ್ಧವಾಗಿ ನಿಂತಿದ್ದವು, ಅದನ್ನು ಮರೆಯಬಾರದು. ಕೈಸರ್ ಯಾರ್ಡ್‌ನಲ್ಲಿ ಕೆಲಸ ಮಾಡಿದ್ದ ಎಲ್ಮರ್ ಹಾನ್ ಯುದ್ಧ ಮುಗಿದ ಮೇಲೆ, 1951ರಿಂದ, ಜಪಾನಿನ ಕುರೆ ಯಾರ್ಡ್‌ನಲ್ಲಿ ಆ ಪದ್ಧತಿಯನ್ನು ಹೇಳಿಕೊಟ್ಟರು. ಜಪಾನಿನವರು ಅದನ್ನು ಬೆಳೆಸಿದರು. 1970–80ರ ಹೊತ್ತಿಗೆ ಅಮೆರಿಕದವರು ಅದನ್ನೇ ಜಪಾನಿನಿಂದ ವಾಪಸ್ ಕಲಿತರು. ಹಾಗಾಗಿ ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ.

ಅಳತೆ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ 21ನೇ ಮಾದರಿಯ ಜಲಾಂತರ್ಗಾಮಿಗಳನ್ನು ನೋಡಿ. ಎಂಟು ಭಾಗಗಳನ್ನು ಬೇರೆ ಬೇರೆ ಕಡೆ ಮಾಡಿಸಿ ಯಾರ್ಡ್‌ಗೆ ತಂದರು. ಹಲವು ಭಾಗಗಳನ್ನು ಮಾಡಿದ್ದು ಹಡಗಿನ ಕೆಲಸವೇ ಗೊತ್ತಿಲ್ಲದ ಕಾರ್ಖಾನೆಗಳು. ಯಾರ್ಡ್‌ಗೆ ಬಂದಾಗ ಅಂಚಿಗೆ ಅಂಚು ಕೂರಲಿಲ್ಲ, ಮತ್ತೆ ಕೆಲಸ. 118 ಸೇವೆಗೆ ಸೇರಿದರೂ ಯುದ್ಧ ಮುಗಿಯುವ ಮೊದಲು ಗಸ್ತಿಗೆ ಹೊರಟದ್ದು ಎರಡೇ.

ಹಳೇ ಕಡತ
ಧನ್ಯವಾದ. ನಾನು ಅರ್ಧ ಮಾತ್ರ ಓದಿಕೊಂಡಿದ್ದೆ. ಕುರೆಯ ವಿಷಯ ಗೊತ್ತಿರಲಿಲ್ಲ.

ಹಂಗಾರಕಟ್ಟೆ
ನಮ್ಮದು ಮರದ ದೋಣಿ ಕಟ್ಟುವ ಮನೆತನ. ಅಪ್ಪ ಕಾಗದ ಮುಟ್ಟಿದವರಲ್ಲ. ಕಣ್ಣಳತೆ, ದಾರ, ಇಷ್ಟೇ.

ಕ್ರಮದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಯುರೋಪಿನವರ ದೊಡ್ಡ ಮರದ ಹಡಗುಗಳಲ್ಲಿ ಮೊದಲು ಪಕ್ಕೆಲುಬು ನಿಲ್ಲಿಸಿ, ಆಮೇಲೆ ಅದಕ್ಕೆ ಹಲಗೆ ಹೊಡೆಯುತ್ತಿದ್ದರು. ನಮ್ಮ ಕಡಲಿನ ಹಳೆಯ ಪದ್ಧತಿ, ಕೇರಳದ ಬೇಪೂರಿನ ಉರು (ದೊಡ್ಡ ಮರದ ಹಡಗು) ಸೇರಿ, ಉಲ್ಟಾ. ಮೊದಲು ಹಲಗೆಗೆ ಹಲಗೆ ಸೇರಿಸಿ ಹೊಟ್ಟೆ ಮಾಡುವುದು, ಆಮೇಲೆ ಅದರ ಆಕಾರಕ್ಕೆ ಸರಿಯಾಗಿ ಪಕ್ಕೆಲುಬು ಕೆತ್ತಿ ಒಳಗೆ ಕೂರಿಸುವುದು. ಪಕ್ಕೆಲುಬು ಮೊದಲು ಅಂದರೆ ಆಕಾರ ಮೊದಲೇ ಗೊತ್ತಿರಬೇಕು, ಅಂದರೆ ಡ್ರಾಯಿಂಗ್ ಬೇಕು. ಹಲಗೆ ಮೊದಲು ಅಂದರೆ ಆಕಾರ ಆಚಾರಿಯ ಕಣ್ಣಲ್ಲಿ ಇದ್ದರೆ ಸಾಕು.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಹಡಗನ್ನು ನೋಡಿದಿರಾ? ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ್ದು. ಅವರಿಗೆ ಸಿಕ್ಕ ನಕ್ಷೆ ಅಂದರೆ ಅಜಂತಾದ ಒಂದು ಚಿತ್ರ ಮಾತ್ರ. ಹೊಲಿದವರು ಕೇರಳದ ಕುಶಲಕರ್ಮಿಗಳು. ಮಾಡೆಲ್ ಮಾಡಿ ನೀರಿನಲ್ಲಿ ಪರೀಕ್ಷೆ ಮಾಡಿದ್ದು ಐಐಟಿ ಮದ್ರಾಸ್. ಇಬ್ಬರೂ ಒಟ್ಟಿಗೆ ಕೂತದ್ದರಿಂದ ಆ ಹಡಗು ಆಯಿತು.

ಸುಮ್ಮನೆ ಓದುವವಳು
ಇದು ಎಷ್ಟು ಚಂದ ಹೇಳಿದಿರಿ! ಹಂಗಾರಕಟ್ಟೆಯಲ್ಲಿ ಈಗಲೂ ದೋಣಿ ಕಟ್ಟುತ್ತಾರಾ?

ಹಂಗಾರಕಟ್ಟೆ
ಮರದ್ದು ಕಡಿಮೆ ಆಗಿದೆ. ಸ್ಟೀಲಿನದ್ದು ಉಂಟು. ಮಲ್ಪೆಯಲ್ಲೂ ಹಂಗಾರಕಟ್ಟೆಯಲ್ಲೂ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಉಂಟಲ್ಲ, ಹಿಂದೆ ಟೆಬ್ಮಾ ಇದ್ದದ್ದು. ಟಗ್‌ಗಳನ್ನು ಕಟ್ಟಿದ್ದಾರೆ. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿಯಿಂದ 3,800 ಟನ್‌ನ ಆರು ಸರಕು ಹಡಗುಗಳ ಆರ್ಡರ್ ಬಂತು. ನಮ್ಮ ನೆರೆಮನೆಯ ಹುಡುಗನಿಗೆ ಅಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಅವನ ಅಜ್ಜ ನಮ್ಮ ಅಪ್ಪನ ಜೊತೆ ದೋಣಿ ಕಟ್ಟಿದವರು. ನನಗೆ ಅದೊಂದು ದೊಡ್ಡ ಸಂತೋಷ.

ವೇದಿಕೆ ನಿರ್ವಾಹಕ
ದೋಣಿ ವಿಷಯಕ್ಕೆ ಪ್ರತ್ಯೇಕ ಎಳೆ ತೆರೆಯಿರಿ, ಎಲ್ಲರೂ ಬರುತ್ತಾರೆ. ಇಲ್ಲಿ ಪ್ಲಾನಿಂಗ್ ಮುಂದುವರಿಸೋಣ.

ಕ್ರೇನ್ ಕ್ಯಾಬಿನ್
ಯಾರೂ ನಮ್ಮ ವಿಷಯ ತೆಗೆಯಲಿಲ್ಲ. ಬ್ಲಾಕ್ ಮಗುಚಬೇಕು ಅಂತ ಸಾಫ್ಟ್‌ವೇರ್ ಒಂದು ಸಾಲಿನಲ್ಲಿ ಬರೆಯುತ್ತದೆ. ಮಗುಚುವಾಗ ತೂಕದ ಕೇಂದ್ರ ಎಲ್ಲಿದೆ, ಲಗ್ (ಎತ್ತಲು ಸಿಕ್ಕಿಸುವ ಕಿವಿ) ಎಲ್ಲಿ ಬೆಸೆದಿದ್ದಾರೆ, ಅದರ ಕೆಳಗೆ ಗಟ್ಟಿ ಫ್ರೇಮ್ ಇದೆಯಾ, ಎರಡು ಹುಕ್‌ನಲ್ಲಿ ಭಾರ ಹೇಗೆ ಬದಲಾಗುತ್ತದೆ, ಇದೆಲ್ಲ ನೋಡಬೇಕು. ಪ್ಲಾನ್‌ನಲ್ಲಿರುವ ತೂಕ ಬರಿ ಸ್ಟೀಲಿನದ್ದು. ಪೈಪ್, ಪೇಂಟ್, ಸ್ಕ್ಯಾಫೋಲ್ಡಿಂಗ್ ಸೇರಿಸಿದರೆ ತೂಕ ಜಾಸ್ತಿ, ಕೇಂದ್ರವೂ ಸರಿದಿರುತ್ತದೆ. ಪೈಪ್ ಮೊದಲೇ ಹಾಕಿ ಅನ್ನುವವರೆಲ್ಲ ಇದನ್ನೂ ನೆನಪಿಡಿ.

ಎರಡನೆಯದ್ದು ಜಾಗ. ಮುಗಿದ ಬ್ಲಾಕನ್ನು ಎಲ್ಲಿ ನಿಲ್ಲಿಸುವುದು? ಮೊದಲು ಬೇಕಾದದ್ದು ಹಿಂದೆ, ಆಮೇಲೆ ಬೇಕಾದದ್ದು ಮುಂದೆ ನಿಂತರೆ ಒಂದನ್ನು ತೆಗೆಯಲು ಮೂರು ಸರಿಸಬೇಕು. ಟ್ರಾನ್ಸ್‌ಪೋರ್ಟರ್ ಒಂದೇ ಇರುತ್ತದೆ.

ಕಡಲಾಚೆ
ಜಾಗದ ಲೆಕ್ಕವೂ ದೊಡ್ಡ ಶಾಸ್ತ್ರವೇ ಆಗಿದೆ ಸರ್. 1990ರ ದಶಕದ ಆರಂಭದಲ್ಲೇ ಇಲ್ಲಿನ ಡೇವೂ ಯಾರ್ಡ್ ಮತ್ತು ಕೈಸ್ಟ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಇದಕ್ಕಾಗಿ ಒಂದು ಎಕ್ಸ್‌ಪರ್ಟ್ ಸಿಸ್ಟಮ್ ಕಟ್ಟಿದವು. ಯಾವ ದಿನ ಯಾವ ಬ್ಲಾಕ್ ಅನ್ನುವುದರ ಜೊತೆಗೆ ನೆಲದ ಮೇಲೆ ಎಲ್ಲಿ ಅನ್ನುವುದನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಿತ್ತು. ಅನುಭವಸ್ಥರ ನಿಯಮಗಳನ್ನೇ ಅದಕ್ಕೆ ತುಂಬಿದ್ದು. ಉಪ್ಪುನೀರು ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಅಂದ ಹಾಗೆ, ನಿಮ್ಮಲ್ಲಿ ಅನೇಕರು ಬಳಸುವ ಹಡಗು ವಿನ್ಯಾಸದ ಸಾಫ್ಟ್‌ವೇರ್ ಟ್ರೈಬಾನ್ ಹುಟ್ಟಿದ್ದು ಸ್ವೀಡನ್ನಿನ ಮಾಲ್ಮೊದಲ್ಲಿ, ಕೊಕುಮ್ಸ್ ಯಾರ್ಡ್‌ನ ಕಂಪ್ಯೂಟರ್ ವಿಭಾಗದಲ್ಲಿ. 2004ರಲ್ಲಿ ಅದು ಬ್ರಿಟನ್ನಿನ ಸಾಫ್ಟ್‌ವೇರ್ ಕಂಪನಿ ಅವೇವಾಕ್ಕೆ ಸೇರಿತು. ಅದೇ ಯಾರ್ಡ್‌ನ 1,500 ಟನ್ ಎತ್ತುವ ದೊಡ್ಡ ಕ್ರೇನನ್ನು 2002ರಲ್ಲಿ ಒಂದು ಡಾಲರ್‌ಗೆ ಮಾರಿದರು. ಬಿಚ್ಚಿ ತಂದು ಇಲ್ಲಿ ಉಲ್ಸಾನ್‌ನಲ್ಲಿ ನಿಲ್ಲಿಸಿದ್ದಾರೆ. ಮಾಲ್ಮೊ ಜನ ಅದು ಹೋಗುವಾಗ ಅತ್ತರಂತೆ. ಇಲ್ಲಿ ಅದಕ್ಕೆ 'ಮಾಲ್ಮೊ ಕಣ್ಣೀರು' ಅಂತಲೇ ಹೆಸರು.

ಲಂಗರು
ಎಷ್ಟೇ ಒಳ್ಳೆಯ ಕ್ರಮ ಇದ್ದರೂ ಸಾಮಾನು ಬರದಿದ್ದರೆ? ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ನೋಡಿ. 874 ಬ್ಲಾಕ್‌ಗಳು, 2,300 ಕೋಣೆಗಳು. 2009ರಲ್ಲಿ ಕೀಲ್ ಇಟ್ಟರು. ಗೇರ್‌ಬಾಕ್ಸ್ ತಡವಾಯಿತು. 2011ರ ಕೊನೆಯಲ್ಲಿ ಹಡಗನ್ನು ತೇಲಿಸಿ ಡಾಕ್‌ನಿಂದ ಹೊರಗೆ ತಂದರು. 2013ರಲ್ಲಿ ವಿಧಿವತ್ತಾಗಿ ನೀರಿಗಿಳಿಸಿದ್ದು, ಸೇವೆಗೆ ಸೇರಿದ್ದು 2022ರ ಸೆಪ್ಟೆಂಬರ್ 2. ಒಂದು ದೊಡ್ಡ ಯಂತ್ರ ಬರುವ ತನಕ ಅದರ ಮೇಲಿನ ಡೆಕ್ ಮುಚ್ಚಲು ಆಗುವುದಿಲ್ಲ. ಮುಚ್ಚಿದರೆ ಮತ್ತೆ ಕತ್ತರಿಸಬೇಕು.

ಗ್ರಾಫ್ ಗೆಳೆಯ
ಅಂಥ ಸಮಯದಲ್ಲೇ ಕಂಪ್ಯೂಟರ್ ಬೇಕಾಗುವುದು ಅನ್ನುತ್ತೇನೆ ನಾನು. ಗೇರ್‌ಬಾಕ್ಸ್ ಆರು ತಿಂಗಳು ತಡ ಅಂದರೆ ಉಳಿದ ನೂರಾರು ಬ್ಲಾಕ್‌ಗಳ ಕ್ರಮ ಅದೇ ದಿನ ಮತ್ತೆ ಹಾಕಬೇಕು. ಎಷ್ಟೇ ಅನುಭವ ಇದ್ದರೂ ಒಬ್ಬ ಮನುಷ್ಯನ ತಲೆಯಲ್ಲಿ ಅದು ಆಗುವ ಕೆಲಸವಲ್ಲ.

ಬೆಸುಗೆ ಅಣ್ಣ
ಈ ಮಾತು ಒಪ್ಪಿದೆ.

ಉಪ್ಪುನೀರು
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಹೇಳಿದ್ದನ್ನೆಲ್ಲ ಪ್ರಿಂಟ್ ತೆಗೆದು ನಮ್ಮ ಫೋರ್ಮನ್ ಹತ್ತಿರ ಹೋದೆ. ಮೊದಲು ಪೈಪಿನ ವಿಷಯಕ್ಕೆ ಕ್ಷಮೆ ಕೇಳಿದೆ. "ಬಿಡಿ, ಮುಂದಿನದ್ದು ನೋಡುವ" ಅಂದರು.

ಮುಂದಿನ ಬ್ಲಾಕ್‌ಗೆ ಸಾಫ್ಟ್‌ವೇರ್ ಕೊಟ್ಟ ಕ್ರಮವನ್ನು ಇಬ್ಬರೂ ಪರದೆಯ ಮುಂದೆ ಕೂತು ಒಂದೊಂದೇ ಹೆಜ್ಜೆ ನೋಡಿದೆವು. 140 ಹೆಜ್ಜೆಯಲ್ಲಿ ಅವರು ಬದಲಾಯಿಸಿದ್ದು 11. ಅಷ್ಟೇ! ಅದರಲ್ಲಿ 7 ವೆಲ್ಡರ್ ಕೈ ಹೋಗದ ಜಾಗಗಳು. 3 ಪೈಪಿನ ಹಂತದ ಕೋಡ್ ತಪ್ಪು. ಒಂದು ಮಾತ್ರ ನನಗೆ ಅರ್ಥವಾಗಲಿಲ್ಲ. ಒಂದು ಬಲ್ಕ್‌ಹೆಡ್ (ಒಳಗಿನ ಗೋಡೆ) ಅನ್ನು ಎರಡು ದಿನ ಮೊದಲೇ ನಿಲ್ಲಿಸಲು ಹೇಳಿದರು. ಯಾಕೆ ಅಂತ ಕೇಳಿದೆ. ಮಳೆಗಾಲದಲ್ಲಿ ಗಾಳಿ ಆ ಕಡೆಯಿಂದ ಬರುತ್ತದೆ, ಅದು ನಿಂತರೆ ಒಳಗಿನ ವೆಲ್ಡಿಂಗ್‌ಗೆ ಮರೆ ಆಗುತ್ತದೆ, ಬೆಸುಗೆಯನ್ನು ಕಾಯುವ ಗ್ಯಾಸ್ ಹಾರಿ ಹೋಗುವುದಿಲ್ಲ ಅಂದರು. ನನಗೆ ಮಾತೇ ಹೊರಡಲಿಲ್ಲ.

ಉಳಿದ 129 ಹೆಜ್ಜೆಗಳ ಬಗ್ಗೆ ಅವರು ಹೇಳಿದ್ದೂ ಕೇಳಿ. "ಇದು ಒಳ್ಳೆದೇ ಉಂಟಲ್ಲ, ನನಗಾದರೆ ಎರಡು ದಿನ ಬೇಕಿತ್ತು." ಮಗುಚುವುದು ಮೊದಲು ಮೂರು ಸಲ ಇತ್ತು, ಸಾಫ್ಟ್‌ವೇರ್ ಎರಡಕ್ಕೆ ಇಳಿಸಿತ್ತು. ಅದು ಅವರಿಗೆ ತುಂಬಾ ಇಷ್ಟವಾಯಿತು.

ಈಗ ಬದಲಾಯಿಸಿದ ಪ್ರತಿ ಹೆಜ್ಜೆಗೂ ಕಾರಣ ಬರೆಯುವ ಒಂದು ಶೀಟ್ ಮಾಡಿದ್ದೇನೆ. ಬ್ಲಾಕ್ ನಂಬರ್, ಹೆಜ್ಜೆ, ಬದಲಾವಣೆ, ಕಾರಣ, ಹೇಳಿದವರ ಹೆಸರು. ಹತ್ತು ಬ್ಲಾಕ್ ಆದ ಮೇಲೆ ಅದನ್ನು ನಿಯಮಗಳಾಗಿ ಸಾಫ್ಟ್‌ವೇರ್‌ಗೆ ಹಾಕುವ ಯೋಚನೆ. ಸ್ಲಾಟ್ ವಿಷಯಕ್ಕೆ ಡಿಸೈನ್ ವಿಭಾಗದವರನ್ನು ಮುಂದಿನ ವಾರ ಭೇಟಿ ಮಾಡುತ್ತೇನೆ. ಕಡಲಾಚೆ ಅಕ್ಕ, ನಿಮ್ಮ ಕಂಡಿಯ ವಿವರಣೆಯನ್ನೇ ತೆಗೆದುಕೊಂಡು ಹೋಗುತ್ತಿದ್ದೇನೆ.

ಗ್ರಾಫ್ ಗೆಳೆಯ
ಗಾಳಿಯ ವಿಷಯ ಓದಿ ನಾನೂ ಸುಮ್ಮನಾದೆ. ಅದನ್ನು ಯಾವ ಗ್ರಾಫ್‌ನಲ್ಲಿ ಹಾಕುವುದು ಅಂತ ಇನ್ನೂ ಯೋಚಿಸುತ್ತಿದ್ದೇನೆ. ಬಹುಶಃ ತಿಂಗಳಿನ ಪ್ರಕಾರ ಬದಲಾಗುವ ನಿಯಮ ಅಂತ ಇಡಬಹುದು. ಆ ಶೀಟ್‌ನ ಖಾಲಿ ನಮೂನೆ ಇಲ್ಲಿ ಹಾಕುತ್ತೀರಾ?

ಉಪ್ಪುನೀರು
ಹಾಕುತ್ತೇನೆ, ಸೋಮವಾರ.

ಬೆಸುಗೆ ಅಣ್ಣ
ತಮ್ಮಾ, ಅದರಲ್ಲಿ ಇನ್ನೊಂದು ಕಾಲಂ ಸೇರಿಸು. ಕೆಲಸ ಮುಗಿದ ಮೇಲೆ ವೆಲ್ಡರ್ ಏನು ಹೇಳಿದ ಅಂತ. ಸಹಿಯನ್ನೂ ಅವನಿಂದಲೇ ಹಾಕಿಸು.

ಕ್ರೇನ್ ಕ್ಯಾಬಿನ್
ಎತ್ತುವಾಗ ನಿಜವಾಗಿ ಬಂದ ತೂಕಕ್ಕೂ ಒಂದು ಕಾಲಂ ಇರಲಿ. ಕ್ರೇನ್‌ನ ತೂಕ ಅಳೆಯುವ ಲೋಡ್ ಸೆಲ್‌ನಲ್ಲಿ ಕಾಣುತ್ತದೆ, ಕೇಳಿದರೆ ನಿಮ್ಮ ಆಪರೇಟರ್ ಬರೆದು ಕೊಡುತ್ತಾರೆ.